ಚಳಿಗಾಲಕ್ಕೆ ಟ್ರೇಲರ್ ನಿಲ್ಲಿಸುವಾಗ ಲಿಥಿಯಂ ಬ್ಯಾಟರಿಯನ್ನು ಏನು ಮಾಡಬೇಕು?

ಅಕ್ಟೋಬರ್ ಹತ್ತಿರ ಬಂತೆಂದರೆ ಮಿನೆಸೋಟಾ, ಮಿಶಿಗನ್, ಒಂಟಾರಿಯೊ ಕಡೆಯ ನಮ್ಮವರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಟ್ರಾವೆಲ್ ಟ್ರೇಲರನ್ನು, ಅಂದರೆ ಪಿಕಪ್ ಗಾಡಿಯ ಹಿಂದೆ ಎಳೆದೊಯ್ಯುವ ಚಿಕ್ಕ ಮನೆಯನ್ನು, ಇನ್ನು ಏಪ್ರಿಲ್‌ವರೆಗೆ ತೆಗೆಯುವುದಿಲ್ಲ. ಲಿಥಿಯಂ ಬ್ಯಾಟರಿ ಅದರಲ್ಲೇ ಇರಲಾ, ಮನೆಯೊಳಗೆ ತರಬೇಕಾ? ಚಾರ್ಜಿಗೆ ಹಾಕಿಟ್ಟರೆ ಸಾಕಾ? ಡಿಸೆಂಬರ್‌ನಲ್ಲಿ ಊರಿಗೆ ಹೋಗ್ತೀವಿ, ಒಂದೂವರೆ ತಿಂಗಳು ನೋಡುವವರು ಯಾರೂ ಇರುವುದಿಲ್ಲ, ಪರವಾಗಿಲ್ವಾ?

ಮೊದಲು ಚಿಕ್ಕ ಉತ್ತರ. ಬ್ಯಾಟರಿಯಲ್ಲಿ ಅರ್ಧದಷ್ಟು ಚಾರ್ಜ್ ಉಳಿಸಿ. ಅದಕ್ಕೆ ಹೋಗುವ ಎಲ್ಲ ವೈರ್ ಬಿಚ್ಚಿ. ಸಾಧ್ಯವಾದರೆ ಮನೆಯೊಳಗೆ ತಂದಿಡಿ. ನೀರು ಹೆಪ್ಪುಗಟ್ಟುವಷ್ಟು ಚಳಿಯಲ್ಲಿ ಮಾತ್ರ ಯಾವ ಕಾರಣಕ್ಕೂ ಚಾರ್ಜ್ ಮಾಡಬೇಡಿ. ಇಷ್ಟು ಮಾಡಿದರೆ ನೀವು ನಿಶ್ಚಿಂತೆಯಿಂದ ಊರಿಗೆ ಹೋಗಿ ಬರಬಹುದು.

ಹೇಗೆ, ಯಾವುದಾದ ಮೇಲೆ ಯಾವುದು, ಎಲ್ಲಿ ಎಡವಟ್ಟಾಗುತ್ತದೆ ಎನ್ನುವುದನ್ನು ಈಗ ನೋಡೋಣ.

ಯುಪಿಎಸ್ ಬ್ಯಾಟರಿಯ ಅಭ್ಯಾಸ ಇಲ್ಲಿ ಬೇಡ

ನಮ್ಮಲ್ಲಿ ಬಹಳ ಜನರಿಗೆ ಬ್ಯಾಟರಿ ಅಂದರೆ ಊರಿನ ಮನೆಯ ಯುಪಿಎಸ್ ನೆನಪಾಗುತ್ತದೆ. ಆಗಾಗ ಡಿಸ್ಟಿಲ್ಡ್ ವಾಟರ್ ಹಾಕುವುದು, ಯಾವಾಗಲೂ ಫುಲ್ ಚಾರ್ಜ್ ಇರುವಂತೆ ನೋಡಿಕೊಳ್ಳುವುದು, ಪೂರ್ತಿ ಇಳಿಯಲು ಬಿಡದಿರುವುದು. ಅದು ಸೀಸ ಮತ್ತು ಆಸಿಡ್ ಇರುವ ಬ್ಯಾಟರಿ. ಅದಕ್ಕೆ ಈ ಆರೈಕೆ ಸರಿ. ಚಾರ್ಜ್ ಇಳಿದಾಗ ಅದರೊಳಗಿನ ಆಸಿಡ್ ತೆಳುವಾಗಿ ನೀರಿನಂತಾಗುತ್ತದೆ, ಚಳಿಗೆ ಹೆಪ್ಪುಗಟ್ಟಿ ಡಬ್ಬಿಯನ್ನೇ ಒಡೆಯಬಹುದು. ಅದಕ್ಕೇ ಅಮೆರಿಕದಲ್ಲೂ ಹಳೆಯ ಟ್ರೇಲರ್‌ನವರು ಚಳಿಗಾಲವಿಡೀ ಸಣ್ಣ ಚಾರ್ಜರ್ ಹಾಕಿಟ್ಟಿರುತ್ತಾರೆ.

ಲಿಥಿಯಂ ಬ್ಯಾಟರಿಯೊಳಗೆ ನೀರಿಲ್ಲ. ಅದಕ್ಕೆ ಆ ಭಯವೂ ಇಲ್ಲ. ಅದರ ಚಾರ್ಜ್ ತಾನಾಗಿ ಇಳಿಯುವುದು ತಿಂಗಳಿಗೆ ಸುಮಾರು 2ರಿಂದ 3 ಶೇಕಡಾ ಅಷ್ಟೇ. ಐದು ತಿಂಗಳು ಸುಮ್ನೆ ಬಿಟ್ಟರೂ 10ರಿಂದ 15 ಶೇಕಡಾ ಹೋಗಬಹುದು. ಹಾಗಾಗಿ ಪ್ಲಗ್ ಹಾಕಿ ಇಡುವ ಅಗತ್ಯವೇ ಇಲ್ಲ. ತಿಂಗಳುಗಟ್ಟಲೆ ಫುಲ್ ಚಾರ್ಜ್‌ನಲ್ಲಿ ಇಟ್ಟರೆ, ಅದರಲ್ಲೂ ಬೆಚ್ಚಗಿನ ಜಾಗದಲ್ಲಿ ಇಟ್ಟರೆ, ಅದು ಬೇಗ ಮುಪ್ಪಾಗುತ್ತದೆ. ಅರ್ಧ ಚಾರ್ಜ್‌ನಲ್ಲಿ ನಿಧಾನಕ್ಕೆ ಮುಪ್ಪಾಗುತ್ತದೆ.

ನಿಮ್ಮದು ಯಾವ ಲಿಥಿಯಂ?

ಟ್ರೇಲರ್‌ಗಳಲ್ಲಿ ಹಾಕುವುದು ಸಾಮಾನ್ಯವಾಗಿ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಚಿಕ್ಕದಾಗಿ ಎಲ್‌ಎಫ್‌ಪಿ. ಲೇಬಲ್ ಮೇಲೆ 12.8 ವೋಲ್ಟ್ ಎಂದಿದ್ದರೆ ಅದು ಇದೇ. 3.2 ವೋಲ್ಟ್‌ನ ನಾಲ್ಕು ಸೆಲ್ ಒಂದರ ಹಿಂದೆ ಒಂದು ಸೇರಿ 12.8 ಆಗುತ್ತದೆ. ಫೋನು, ಲ್ಯಾಪ್‌ಟಾಪ್‌ನ ಲಿಥಿಯಂಗಿಂತ ಇದು ಬಿಸಿಗೆ ಹೆಚ್ಚು ತಾಳುತ್ತದೆ, ಬೆಂಕಿ ಹತ್ತುವ ಸಾಧ್ಯತೆ ಕಡಿಮೆ. ಮನೆಯೊಳಗೆ ತಂದಿಡಿ ಎಂದು ಧೈರ್ಯವಾಗಿ ಹೇಳುವುದಕ್ಕೆ ಇದೂ ಒಂದು ಕಾರಣ. ಈ ರಸಾಯನವನ್ನು ಲೋಕಕ್ಕೆ ತೋರಿಸಿದ್ದು ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡ್‌ಇನಫ್ ಅವರ ತಂಡ. 1997ರ ಆ ಸಂಶೋಧನಾ ಪ್ರಬಂಧದಲ್ಲಿ ಅವರ ಜೊತೆಗಿರುವ ಹೆಸರುಗಳು ಎ. ಕೆ. ಪಾಧಿ ಮತ್ತು ಕೆ. ಎಸ್. ನಂಜುಂಡಸ್ವಾಮಿ. ಆ ಎರಡನೆಯ ಹೆಸರು ಓದಿದಾಗ ನನಗೆ ತುಂಬಾ ಖುಷಿಯಾಯಿತು, ಅದಕ್ಕೇ ಇಲ್ಲಿ ಹೇಳಿದೆ. ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ 2019ರಲ್ಲಿ ನೊಬೆಲ್ ಬಂತು.

ಇನ್ನೊಂದು ಪದ ಗೊತ್ತಿರಲಿ: ಬಿಎಂಎಸ್. ಬ್ಯಾಟರಿಯ ಡಬ್ಬಿಯೊಳಗೇ ಕೂತಿರುವ ಕಾವಲು ಸರ್ಕ್ಯೂಟ್ ಇದು. ವೋಲ್ಟೇಜ್ ಜಾಸ್ತಿಯಾದರೆ, ತೀರಾ ಇಳಿದರೆ, ಬಿಸಿಯಾದರೆ ಅದು ಬ್ಯಾಟರಿಯನ್ನು ಕಟ್ ಮಾಡುತ್ತದೆ. ಒಳ್ಳೆಯ ಬ್ಯಾಟರಿಗಳಲ್ಲಿ ಚಳಿ ಜಾಸ್ತಿಯಾದಾಗ ಚಾರ್ಜಿಂಗ್ ಅನ್ನೂ ತಡೆಯುತ್ತದೆ. ಎಲ್ಲ ಬ್ಯಾಟರಿಯಲ್ಲೂ ಈ ಕೊನೆಯ ಗುಣ ಇರುವುದಿಲ್ಲ, ಕಡಿಮೆ ಬೆಲೆಯವುಗಳಲ್ಲಿ ಇಲ್ಲದಿರುವುದು ಸಾಮಾನ್ಯ. ನಿಮ್ಮ ಮ್ಯಾನುಯಲ್ ತೆಗೆದು ಮೂರು ವಿಷಯ ಹುಡುಕಿ ಬರೆದುಕೊಳ್ಳಿ. ಚಳಿಯಲ್ಲಿ ಚಾರ್ಜಿಂಗ್ ತಡೆ ಇದೆಯಾ? ಎತ್ತಿಡುವಾಗ ಎಷ್ಟು ಚಾರ್ಜ್ ಇರಬೇಕು? ಎತ್ತಿಡುವ ಜಾಗ ಕನಿಷ್ಠ ಎಷ್ಟು ಡಿಗ್ರಿ ಇರಬೇಕು? ನಾನು ಕೆಳಗೆ ಹೇಳುವ ಅಂಕಿಗಳಿಗೂ ಮ್ಯಾನುಯಲ್‌ಗೂ ವ್ಯತ್ಯಾಸ ಬಂದರೆ ಮ್ಯಾನುಯಲ್ ಹೇಳಿದಂತೆ ಮಾಡಿ. ಕೆಲವು ಕಂಪನಿಗಳು ಫುಲ್ ಚಾರ್ಜ್ ಮಾಡಿಯೇ ಎತ್ತಿಡಿ ಎನ್ನುತ್ತವೆ. ವಾರಂಟಿ ಕೊಡುವವರು ಅವರು, ಅವರ ಮಾತೇ ಕೊನೆ.

ಚಳಿಯಲ್ಲಿ ಚಾರ್ಜ್ ಮಾಡಿದರೆ ಏನಾಗುತ್ತದೆ?

ಇದೊಂದು ಅರ್ಥವಾದರೆ ಉಳಿದದ್ದೆಲ್ಲ ಸುಲಭ. ಚಾರ್ಜ್ ಮಾಡುವಾಗ ಲಿಥಿಯಂ ಕಣಗಳು ಗ್ರಾಫೈಟ್ ಪದರಗಳ ನಡುವೆ ಹೋಗಿ ಕೂರಬೇಕು. ಬೆಚ್ಚಗಿದ್ದಾಗ ಸಲೀಸಾಗಿ ಹೋಗುತ್ತವೆ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ, ಅಂದರೆ 32 ಫ್ಯಾರನ್‌ಹೀಟ್‌ಗಿಂತ ಕೆಳಗೆ ಅವು ಒಳಗೆ ಹೋಗುವ ವೇಗ ತುಂಬಾ ಕಡಿಮೆ. ಹೊರಗಿನಿಂದ ಕರೆಂಟ್ ನೂಕುತ್ತಲೇ ಇದ್ದರೆ ಅವು ಗ್ರಾಫೈಟ್‌ನ ಮೇಲ್ಮೈಯಲ್ಲೇ ಲೋಹವಾಗಿ ಅಂಟಿಕೊಳ್ಳುತ್ತವೆ. ಬಸ್ಸಿನ ಬಾಗಿಲಲ್ಲೇ ಜನ ನಿಂತುಬಿಟ್ಟರೆ ಹಿಂದಿನವರು ಒಳಗೆ ಹೋಗುವುದು ಹೇಗೆ, ಹಾಗೆ. ಒಮ್ಮೆ ಹೀಗೆ ಅಂಟಿದ ಲೋಹ ಪೂರ್ತಿಯಾಗಿ ಹಿಂದಕ್ಕೆ ಬರುವುದಿಲ್ಲ. ಬ್ಯಾಟರಿಯ ಸಾಮರ್ಥ್ಯ ಶಾಶ್ವತವಾಗಿ ಕಡಿಮೆಯಾಗುತ್ತದೆ. ಲೋಹ ಮುಳ್ಳಿನಂತೆ ಬೆಳೆದರೆ ಒಳಗೇ ಶಾರ್ಟ್ ಆಗಬಹುದು.

ಇದರಲ್ಲಿ ಮೋಸ ಎಲ್ಲಿದೆ ಅಂದರೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಬ್ಯಾಟರಿ ಉಬ್ಬುವುದಿಲ್ಲ, ವಾಸನೆ ಬರುವುದಿಲ್ಲ, ಆವತ್ತು ಲೈಟೂ ಉರಿಯುತ್ತದೆ. ಮುಂದಿನ ಬೇಸಿಗೆಯಲ್ಲಿ ರಾತ್ರಿ ಪೂರ್ತಿ ಬರುತ್ತಿದ್ದ ಚಾರ್ಜ್ ನಡುರಾತ್ರಿಗೇ ಮುಗಿದಾಗ ಗೊತ್ತಾಗುತ್ತದೆ.

ಬಳಸುವುದು, ಅಂದರೆ ಕರೆಂಟ್ ತೆಗೆಯುವುದು ಬೇರೆ ವಿಷಯ. ಅದು ಸಾಮಾನ್ಯವಾಗಿ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ವರೆಗೆ ನಡೆಯುತ್ತದೆ. ಸುಮ್ನೆ ಇಡುವುದಕ್ಕೂ ಹಲವು ಮ್ಯಾನುಯಲ್‌ಗಳಲ್ಲಿ ಹೆಚ್ಚುಕಡಿಮೆ ಅದೇ ಮಿತಿ ಇರುತ್ತದೆ. ಫ್ಯಾರನ್‌ಹೀಟ್‌ನಲ್ಲಿ ಇದು ಮೈನಸ್ 4. ಮಿನಿಯಾಪೊಲಿಸ್, ವಿನಿಪೆಗ್, ಕ್ಯಾಲ್ಗರಿಯಲ್ಲಿ ಚಳಿ ಇದಕ್ಕಿಂತ ಕೆಳಗೆ ಇಳಿಯುವ ರಾತ್ರಿಗಳು ಪ್ರತಿ ವರ್ಷ ಇರುತ್ತವೆ. ಆ ಊರುಗಳವರು ಬ್ಯಾಟರಿಯನ್ನು ಒಳಗೆ ತರುವುದೇ ಸರಿ.

ಏನೇನು ಬೇಕು

ಒಂದು ಮಲ್ಟಿಮೀಟರ್. ಬೋಲ್ಟ್ ಬಿಚ್ಚಲು ಸ್ಪ್ಯಾನರ್ (ಎಂ8 ಬೋಲ್ಟ್ ಆದರೆ 13 ಮಿಲಿಮೀಟರ್). ಬಣ್ಣದ ಟೇಪು, ಮಾರ್ಕರ್ ಪೆನ್ನು, ಟರ್ಮಿನಲ್ ಮುಚ್ಚುವ ಕ್ಯಾಪ್. ಕ್ಯಾಪ್ ಇಲ್ಲದಿದ್ದರೆ ಎಲೆಕ್ಟ್ರಿಕಲ್ ಟೇಪ್ ಸಾಕು. ಫೋಟೋಗೆ ಫೋನು. ಟ್ರೇಲರ್‌ನಲ್ಲಿ ಶಂಟ್ ಇದ್ದರೆ ತುಂಬಾ ಅನುಕೂಲ. ಶಂಟ್ ಅಂದರೆ ನೆಗೆಟಿವ್ ವೈರ್‌ನಲ್ಲಿ ಕೂತು ಎಷ್ಟು ಕರೆಂಟ್ ಒಳಗೆ ಬಂತು, ಎಷ್ಟು ಹೊರಗೆ ಹೋಯಿತು ಎಂದು ಲೆಕ್ಕ ಇಡುವ ಮೀಟರ್. ಉಂಗುರ, ಬಳೆ, ವಾಚ್ ತೆಗೆದಿಡಿ. ಲಿಥಿಯಂ ಬ್ಯಾಟರಿಯ ಎರಡು ತುದಿಗೆ ಲೋಹ ತಾಗಿದರೆ ನೂರಾರು ಆಂಪ್ ಒಮ್ಮೆಲೇ ಹರಿಯುತ್ತದೆ. ಉಂಗುರ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ.

ಹಂತ 1: ಬ್ಯಾಟರಿಯಿಂದ ಆಗಬೇಕಾದ ಕೆಲಸ ಮೊದಲು ಮುಗಿಸಿ

ಬಹಳ ಜನ ಬ್ಯಾಟರಿ ತೆಗೆದುಬಿಟ್ಟು ಆಮೇಲೆ ತಲೆ ಮೇಲೆ ಕೈ ಹೊತ್ತು ಕೂರುವುದು ಇಲ್ಲೇ. ಟ್ರೇಲರ್‌ನಲ್ಲಿ ಏನೇನು 12 ವೋಲ್ಟ್‌ನಲ್ಲಿ ನಡೆಯುತ್ತದೆ ನೆನಪಿಸಿಕೊಳ್ಳಿ. ಸ್ಲೈಡ್‌ಔಟ್, ಅಂದರೆ ಗೋಡೆಯಿಂದ ಹೊರಗೆ ಸರಿಯುವ ಕೋಣೆಯ ಭಾಗ, ಮೊದಲು ಒಳಗೆ ಹೋಗಬೇಕು. ಆನಿಂಗ್, ಅಂದರೆ ನೆರಳಿಗೆ ಹೊರಗೆ ಚಾಚುವ ಬಟ್ಟೆಯ ಚಪ್ಪರ, ಸುತ್ತಬೇಕು. ನೀರಿನ ಪೈಪ್‌ಗಳಿಗೆ ಚಳಿಗೆ ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವ, ಅಂದರೆ ಆಂಟಿಫ್ರೀಜ್, ಎಳೆಯುವುದು ಟ್ರೇಲರ್‌ನ ವಾಟರ್ ಪಂಪ್ ಆದರೆ, ಆ ಕೆಲಸವೂ ಈಗಲೇ ಆಗಬೇಕು. ಟ್ರೇಲರ್‌ನ ಮುಂಭಾಗವನ್ನು ಎತ್ತಿ ಇಳಿಸುವ ಟಂಗ್ ಜ್ಯಾಕ್ ಎಲೆಕ್ಟ್ರಿಕ್ ಆಗಿದ್ದರೆ ಟ್ರೇಲರನ್ನು ಮಟ್ಟ ಮಾಡಿ, ಪಿಕಪ್‌ನಿಂದ ಬಿಡಿಸಿ, ನಿಲ್ಲಬೇಕಾದ ಎತ್ತರಕ್ಕೆ ನಿಲ್ಲಿಸಿ. ಬ್ಯಾಟರಿ ಹೋದ ಮೇಲೆ ಅದನ್ನು ಹ್ಯಾಂಡಲ್ ಹಾಕಿ ಕೈಯಲ್ಲಿ ತಿರುಗಿಸಬೇಕಾಗುತ್ತದೆ.

ಒಂದು ಎಚ್ಚರಿಕೆ. ಟ್ರೇಲರ್ ನಿಲ್ಲಿಸುವ ಜಾಗ ಬೇರೆಯಾಗಿದ್ದರೆ ಅಲ್ಲಿಗೆ ತಲುಪಿದ ಮೇಲೆಯೇ ಬ್ಯಾಟರಿ ತೆಗೆಯಿರಿ. ದಾರಿಯಲ್ಲಿ ಟ್ರೇಲರ್ ಗಾಡಿಯಿಂದ ಕಳಚಿಕೊಂಡರೆ ಬ್ರೇಕ್‌ಅವೇ ಸ್ವಿಚ್‌ನ ಪಿನ್ ಕಿತ್ತು ಬಂದು ಟ್ರೇಲರ್‌ನ ಚಕ್ರಗಳಿಗೆ ಬ್ರೇಕ್ ಬೀಳುತ್ತದೆ. ಆ ಬ್ರೇಕ್‌ಗೆ ಕರೆಂಟ್ ಬರುವುದು ಟ್ರೇಲರ್‌ನ ಬ್ಯಾಟರಿಯಿಂದ. ಬ್ಯಾಟರಿ ಇಲ್ಲದೆ ಎಳೆದರೆ ಆ ರಕ್ಷಣೆ ಇರುವುದಿಲ್ಲ. ಹತ್ತಿರವೇ ಅಲ್ವಾ ಎಂದು ಎಳೆಯಬೇಡಿ.

ಹೆಪ್ಪುಗಟ್ಟುವ ಚಳಿ ಬಂದ ಮೇಲೆ ಎಳೆದೊಯ್ಯುವವರು ಇನ್ನೊಂದು ನೋಡಿಕೊಳ್ಳಬೇಕು. ಏಳು ಪಿನ್ನಿನ ಕನೆಕ್ಟರ್ ಮೂಲಕ ಪಿಕಪ್‌ನ ಆಲ್ಟರ್ನೇಟರ್ ಟ್ರೇಲರ್ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿರುತ್ತದೆ. ನಿಮ್ಮ ಬ್ಯಾಟರಿಗೆ ಚಳಿಯ ತಡೆ ಇಲ್ಲದಿದ್ದರೆ ಇದೂ ಚಳಿಯಲ್ಲಿ ಚಾರ್ಜ್ ಮಾಡಿದಂತೆಯೇ. ಮೊದಲ ಹೆಪ್ಪುಚಳಿಗೆ ಮುಂಚೆ ಎಲ್ಲ ಮುಗಿಸಿಕೊಳ್ಳಿ.

ಹಂತ 2: ಒಮ್ಮೆ ಫುಲ್ ಚಾರ್ಜ್, ಆಮೇಲೆ ಅರ್ಧಕ್ಕೆ

ಅರ್ಧಕ್ಕೆ ಇಡುವುದಾದರೆ ಫುಲ್ ಯಾಕೆ ಎಂದು ಕೇಳುತ್ತೀರಿ. ಒಳಗಿನ ನಾಲ್ಕು ಸೆಲ್‌ಗಳು ಬಳಸುತ್ತ ಬಳಸುತ್ತ ಸ್ವಲ್ಪ ಹೆಚ್ಚುಕಡಿಮೆ ಆಗಿರುತ್ತವೆ. ಅವುಗಳನ್ನು ಸಮ ಮಾಡುವ ಕೆಲಸವನ್ನು ಬಿಎಂಎಸ್ ಸಾಮಾನ್ಯವಾಗಿ ಚಾರ್ಜ್‌ನ ಕೊನೆಯ ಹಂತದಲ್ಲೇ ಮಾಡುತ್ತದೆ. ಹಾಗಾಗಿ ಹಗಲು ಬೆಚ್ಚಗಿರುವ ದಿನ, ಲಿಥಿಯಂಗೆ ಸರಿಹೊಂದುವ ಚಾರ್ಜರ್‌ನಲ್ಲಿ ಫುಲ್ ಮಾಡಿ, ಒಂದೆರಡು ಗಂಟೆ ಹಾಗೇ ಬಿಡಿ. ಶಂಟ್ ಇದ್ದರೆ ಅದರ ಲೆಕ್ಕವೂ ಆಗ 100ಕ್ಕೆ ಸರಿಯಾಗುತ್ತದೆ.

ಸೀಸದ ಬ್ಯಾಟರಿಯ ಹಳೆ ಚಾರ್ಜರ್ ಬಳಸುವುದಾದರೆ ಈಕ್ವಲೈಸ್ ಅಥವಾ ಡಿಸಲ್ಫೇಟ್ ಎಂಬ ಮೋಡ್ ಆಫ್ ಇರಲಿ. ಆ ಮೋಡ್‌ಗಳು ವೋಲ್ಟೇಜನ್ನು 15ರ ಮೇಲೆ ಏರಿಸುತ್ತವೆ. ಎಲ್‌ಎಫ್‌ಪಿಗೆ ಬೇಕಾದದ್ದು 14.4ರ ಆಸುಪಾಸು.

ಈಗ ಇಳಿಸುವುದು. 100 ಆಂಪ್-ಅವರ್ ಬ್ಯಾಟರಿಯನ್ನು 60 ಶೇಕಡಾಕ್ಕೆ ತರಲು 40 ಆಂಪ್-ಅವರ್ ಖರ್ಚಾಗಬೇಕು. ಒಳಗಿನ ಲೈಟು, ಛಾವಣಿಯ ಫ್ಯಾನು ಎಲ್ಲ ಹಾಕಿ 5 ಆಂಪ್ ಎಳೆದರೆ 8 ಗಂಟೆ ಸಾಕು. ಬೆಳಗ್ಗೆ ಹಾಕಿದರೆ ಸಂಜೆಗೆ ಆಯಿತು. ನಾನು ಸರಿಯಾಗಿ 50ಕ್ಕೆ ಇಳಿಸುವುದಕ್ಕಿಂತ 60ಕ್ಕೆ ನಿಲ್ಲಿಸಿ ಎನ್ನುತ್ತೇನೆ. ವಸಂತಕ್ಕೆ ಅದು ತಾನಾಗಿ 45ರ ಹತ್ತಿರ ಬಂದಿರುತ್ತದೆ, ಎರಡೂ ಕಡೆ ಅಪಾಯವಿಲ್ಲ.

ಶಂಟ್ ಇಲ್ಲದವರು ಮಲ್ಟಿಮೀಟರ್ ನೋಡಿ ಅಂದಾಜು ಮಾಡಬೇಕು. ಎಲ್ಲ ಆಫ್ ಮಾಡಿ, ಎರಡು ಮೂರು ಗಂಟೆ ಬಿಟ್ಟು ಅಳೆಯಿರಿ. 13.3ರಿಂದ 13.4 ಇದ್ದರೆ ಇನ್ನೂ ಹೆಚ್ಚುಕಡಿಮೆ ಫುಲ್. 13.1ರ ಹತ್ತಿರ ಬಂದರೆ ಅರ್ಧದ ಆಸುಪಾಸು. 12.9 ಅಂದರೆ 20 ಶೇಕಡಾ ಮಾತ್ರ ಉಳಿದಿದೆ. ಗಮನಿಸಿದಿರಾ, ಅರ್ಧಕ್ಕೂ ಕಾಲು ಭಾಗಕ್ಕೂ ನಡುವೆ ವ್ಯತ್ಯಾಸ 0.2 ವೋಲ್ಟ್ ಕೂಡ ಇಲ್ಲ! ಅದಕ್ಕೇ ಟ್ರೇಲರ್‌ನ ಗೋಡೆಯ ಮೇಲಿರುವ ನಾಲ್ಕು ಲೈಟಿನ ಇಂಡಿಕೇಟರ್ ಅನ್ನು ಲಿಥಿಯಂಗೆ ನಂಬಬೇಡಿ. ಅದು ಸೀಸದ ಬ್ಯಾಟರಿಯ ಲೆಕ್ಕದ್ದು, ಕೊನೆಯವರೆಗೂ ಫುಲ್ ಎಂದೇ ತೋರಿಸುತ್ತದೆ.

ಹಂತ 3: ಕರೆಂಟ್ ಬರುವ ದಾರಿಗಳನ್ನು ಮುಚ್ಚಿ

ಬ್ಯಾಟರಿಗೆ ಕೈ ಹಾಕುವ ಮುಂಚೆ ಚಾರ್ಜ್ ಬರುವ ಎಲ್ಲವೂ ನಿಲ್ಲಬೇಕು. ಶೋರ್ ಪವರ್ ಪ್ಲಗ್ ಕೀಳಿ. ಶೋರ್ ಪವರ್ ಅಂದರೆ ಮನೆಯಿಂದ ಅಥವಾ ಕ್ಯಾಂಪ್‌ಗ್ರೌಂಡ್‌ನ ಕಂಬದಿಂದ ಟ್ರೇಲರ್‌ಗೆ ಬರುವ ಕರೆಂಟ್. ಇನ್ವರ್ಟರ್ ಆಫ್ ಮಾಡಿ. ಗಾಡಿಯ ಏಳು ಪಿನ್ ಕನೆಕ್ಟರ್ ತೆಗೆಯಿರಿ.

ಸೋಲಾರ್ ಇದ್ದವರು ಇಲ್ಲಿ ಕ್ರಮ ತಪ್ಪಬಾರದು. ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ. ಪ್ಯಾನೆಲ್‌ನಿಂದ ಚಾರ್ಜ್ ಕಂಟ್ರೋಲರ್‌ಗೆ ಬರುವ ಸ್ವಿಚ್ ಅಥವಾ ಫ್ಯೂಸ್ ತೆಗೆದು, ಆಮೇಲೆ ಬ್ಯಾಟರಿಯ ಕಡೆಯದನ್ನು ಬಿಡಿಸಿ. ಬಿಸಿಲಿರುವಾಗ ಬ್ಯಾಟರಿಯನ್ನೇ ಮೊದಲು ಕಿತ್ತರೆ ಪ್ಯಾನೆಲ್‌ನ ಕರೆಂಟ್‌ಗೆ ಹೋಗಲು ಜಾಗವಿಲ್ಲದೆ ಕೆಲವು ಕಂಟ್ರೋಲರ್ ಹಾಳಾಗುತ್ತವೆ. ಸ್ವಿಚ್ ಇಲ್ಲದಿದ್ದರೆ ಪ್ಯಾನೆಲ್ ಮೇಲೆ ದಪ್ಪ ಬಟ್ಟೆ ಹೊದಿಸಿ ಕೆಲಸ ಮಾಡಿ.

ಹಂತ 4: ಬಿಚ್ಚುವುದು

ಮೊದಲು ಫೋಟೋ. ದೂರದಿಂದ ಒಂದು, ಪ್ರತಿ ಟರ್ಮಿನಲ್‌ನ ಹತ್ತಿರದಿಂದ ಒಂದೊಂದು. ಒಂದೇ ಬೋಲ್ಟ್‌ಗೆ ನಾಲ್ಕು ವೈರ್ ಕೂತಿರುತ್ತವೆ. ದಪ್ಪನೆಯದು ಇನ್ವರ್ಟರ್‌ಗೆ, ಮಧ್ಯಮದ್ದು ಕನ್ವರ್ಟರ್‌ಗೆ (ಶೋರ್ ಪವರನ್ನು 12 ವೋಲ್ಟ್ ಮಾಡುವ ಪೆಟ್ಟಿಗೆ), ಸಣ್ಣದು ಜ್ಯಾಕ್‌ಗೆ, ಇನ್ನೂ ಸಣ್ಣದು ಬ್ರೇಕ್‌ಅವೇ ಸ್ವಿಚ್‌ಗೆ. ಪ್ರತಿಯೊಂದಕ್ಕೂ ಟೇಪ್ ಸುತ್ತಿ ಹೆಸರು ಬರೆಯಿರಿ. ಟ್ರೇಲರ್ ವೈರಿಂಗ್‌ನಲ್ಲಿ ಕಪ್ಪು ವೈರ್ ಪಾಸಿಟಿವ್ ಆಗಿರುವುದು, ಬಿಳಿಯದು ನೆಗೆಟಿವ್ ಆಗಿರುವುದು ಸಾಮಾನ್ಯ. ಕಪ್ಪು ಅಂದರೆ ನೆಗೆಟಿವ್ ಎಂದು ಬಣ್ಣ ನಂಬಿ ವಸಂತದಲ್ಲಿ ಉಲ್ಟಾ ಹಾಕುವವರು ಅನೇಕರು. ಉಲ್ಟಾ ಹಾಕಿದರೆ ಕನ್ವರ್ಟರ್‌ನ ಫ್ಯೂಸ್ ಹಾರುತ್ತದೆ. ಅದೃಷ್ಟ ಕೆಟ್ಟರೆ ಬೇರೆ ಸಾಮಾನೂ ಹೋಗುತ್ತದೆ.

ನೆಗೆಟಿವ್ ಮೊದಲು ಬಿಚ್ಚಿ, ಪಾಸಿಟಿವ್ ಆಮೇಲೆ. ನೆಗೆಟಿವ್ ಟ್ರೇಲರ್‌ನ ಚಾಸಿಗೆ, ಅಂದರೆ ಕೆಳಗಿನ ಲೋಹದ ಚೌಕಟ್ಟಿಗೆ, ಸೇರಿರುತ್ತದೆ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಚಾಸಿಗೆ ತಾಗಿದರೂ ನೆಗೆಟಿವ್ ಮೊದಲೇ ಬಿಟ್ಟಿದ್ದರೆ ಕಿಡಿ ಹಾರುವುದಿಲ್ಲ. ಬಿಚ್ಚಿದ ಬೋಲ್ಟ್, ವಾಷರ್‌ಗಳನ್ನು ಬ್ಯಾಟರಿಗೇ ಮತ್ತೆ ಸಡಿಲವಾಗಿ ಹಾಕಿಡಿ, ಕಳೆದುಹೋಗುವುದಿಲ್ಲ. ಎರಡು ಟರ್ಮಿನಲ್‌ಗೂ ಕ್ಯಾಪ್ ಹಾಕಿ. ಟ್ರೇಲರ್ ಕಡೆ ಉಳಿದ ಪಾಸಿಟಿವ್ ವೈರ್‌ಗಳ ತುದಿಗೂ ಟೇಪ್ ಸುತ್ತಿ. ಸೋಲಾರ್ ಎಲ್ಲೋ ಸೇರಿಕೊಂಡಿದ್ದರೆ ಆ ತುದಿಯಲ್ಲಿ ವೋಲ್ಟೇಜ್ ಇರಬಹುದು.

ಎತ್ತುವುದು ಕಷ್ಟವಲ್ಲ. 100 ಆಂಪ್-ಅವರ್ ಎಲ್‌ಎಫ್‌ಪಿ ಸಾಮಾನ್ಯವಾಗಿ 11ರಿಂದ 14 ಕಿಲೋ ಇರುತ್ತದೆ.

ಹಂತ 5: ಮನೆಯಲ್ಲಿ ಎಲ್ಲಿಡುವುದು

ಬೇಸ್‌ಮೆಂಟ್ ಒಳ್ಳೆಯ ಜಾಗ. ಒಣಗಿರಬೇಕು, ಫರ್ನೇಸ್ ಮತ್ತು ವಾಟರ್ ಹೀಟರ್‌ನಿಂದ ದೂರ ಇರಬೇಕು. 5ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ತುಂಬಾ ಚೆನ್ನ. ಬೆಚ್ಚಗಿನ ಕೋಣೆ ಹುಡುಕಬೇಕಾಗಿಲ್ಲ, ತಂಪೇ ಒಳ್ಳೆಯದು. ಮೆಟ್ಟಿಲ ಕೆಳಗೆ, ಹೊರಗೆ ಹೋಗುವ ದಾರಿಯಲ್ಲಿ, ಮಲಗುವ ಕೋಣೆಯಲ್ಲಿ ಬೇಡ. ಎಲ್‌ಎಫ್‌ಪಿ ಎಷ್ಟೇ ಸುರಕ್ಷಿತವಾದರೂ ಓಡಿಹೋಗುವ ದಾರಿಗೆ ಬ್ಯಾಟರಿ ಅಡ್ಡ ಇರಬಾರದು. ಹತ್ತಿರದಲ್ಲಿ ಸ್ಮೋಕ್ ಅಲಾರ್ಮ್ ಇರಲಿ. ಮಕ್ಕಳ ಕೈಗೆ, ಸ್ಕ್ರೂಡ್ರೈವರ್ ಡಬ್ಬಿಗೆ ಸಿಗದಂತೆ ಶೆಲ್ಫ್ ಮೇಲೆ ಇಡಿ.

ಕಾಂಕ್ರೀಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ ಎನ್ನುವ ಮಾತು ಕೇಳಿರುತ್ತೀರಿ. ಈಗಿನ ಪ್ಲಾಸ್ಟಿಕ್ ಡಬ್ಬಿಯ ಬ್ಯಾಟರಿಗಳಿಗೆ ಅದು ಅನ್ವಯಿಸುವುದಿಲ್ಲ. ನೆಲಕ್ಕೆ ನೀರು ಬರುವ ಬೇಸ್‌ಮೆಂಟ್ ಆದರೆ ಮಾತ್ರ ಮೇಲಿಡಿ.

ಬ್ಲೂಟೂತ್ ಇರುವ ಬ್ಯಾಟರಿಗೆ ಆನ್-ಆಫ್ ಬಟನ್ ಇದ್ದರೆ ಆಫ್ ಮಾಡಿ. ತಾನೇ ಬಿಸಿ ಮಾಡಿಕೊಳ್ಳುವ ಬ್ಯಾಟರಿಯಾದರೆ ಅದರ ಹೀಟರ್ ಆಫ್ ಆಗಿದೆಯಾ ಎಂದು ಖಚಿತಪಡಿಸಿಕೊಳ್ಳಿ. ಕೆಲವು ಮಾದರಿಗಳಲ್ಲಿ ಹೀಟರ್ ಬ್ಯಾಟರಿಯ ಕರೆಂಟನ್ನೇ ತಿನ್ನುತ್ತದೆ. ಹೀಟರ್ ಇದೆ, ಹೊರಗೇ ಬಿಡೋಣ ಅಂದುಕೊಂಡವರ ಬ್ಯಾಟರಿ ಖಾಲಿಯಾಗುವುದು ಹೀಗೇ.

ಒಳಗೆ ತರಲು ಆಗದವರು

ಅಪಾರ್ಟ್‌ಮೆಂಟ್‌ನಲ್ಲಿರುವವರಿಗೆ, ಬ್ಯಾಟರಿ ಮಂಚದ ಕೆಳಗೆ ಬೋಲ್ಟ್ ಹಾಕಿ ಕೂರಿಸಿರುವ ಟ್ರೇಲರ್‌ನವರಿಗೆ ಅದನ್ನು ಒಳಗೆ ತರುವುದು ಕಷ್ಟ. ಸಿಯಾಟಲ್, ಬೇ ಏರಿಯಾ ಕಡೆಯವರಿಗೆ ಅದರ ಅಗತ್ಯವೂ ಹೆಚ್ಚಿಲ್ಲ. ನಿಮ್ಮ ಊರಿನ ಅತಿ ಚಳಿಯ ರಾತ್ರಿಯೂ ಮ್ಯಾನುಯಲ್‌ನ ಮಿತಿಗಿಂತ ಮೇಲೇ ಇದ್ದರೆ ಟ್ರೇಲರ್‌ನಲ್ಲೇ ಬಿಡಬಹುದು. ಆದರೆ ಹಂತ 2 ಮತ್ತು 3 ತಪ್ಪದೆ ಮಾಡಿ, ಬ್ಯಾಟರಿಯ ನೆಗೆಟಿವ್ ವೈರ್‌ಗಳನ್ನು ಬ್ಯಾಟರಿಯ ಹತ್ತಿರವೇ ಬಿಚ್ಚಿಡಿ.

ಬ್ಯಾಟರಿಯ ಕರೆಂಟ್ ಕಡಿಯುವ ಡಿಸ್‌ಕನೆಕ್ಟ್ ಸ್ವಿಚ್ ತಿರುಗಿಸಿದರೆ ಸಾಲದಾ? ಈ ಪ್ರಶ್ನೆ ಎಲ್ಲಕ್ಕಿಂತ ಜಾಸ್ತಿ ಬರುತ್ತದೆ. ಬಹಳ ಟ್ರೇಲರ್‌ಗಳಲ್ಲಿ ಸಾಲದು. ಬ್ರೇಕ್‌ಅವೇ ಸ್ವಿಚ್ ಅನ್ನು ನೇರವಾಗಿ ಬ್ಯಾಟರಿಗೇ ಕೊಟ್ಟಿರುತ್ತಾರೆ, ಹಾಗೇ ಇರಬೇಕು ಕೂಡ. ಅದು ಸುಮ್ಮನಿದ್ದಾಗ ಕರೆಂಟ್ ಎಳೆಯುವುದಿಲ್ಲ. ತೊಂದರೆ ಇರುವುದು ಗ್ಯಾಸ್ ಸೋರಿಕೆ ಕಂಡುಹಿಡಿಯುವ ಪ್ರೊಪೇನ್ ಡಿಟೆಕ್ಟರ್, ಸ್ಟೀರಿಯೊ, ಸೋಲಾರ್ ಕಂಟ್ರೋಲರ್ ಇಂಥವುಗಳಲ್ಲಿ. ಇವನ್ನೂ ಕೆಲವೊಮ್ಮೆ ಸ್ವಿಚ್ ತಪ್ಪಿಸಿ ಕೊಟ್ಟಿರುತ್ತಾರೆ. ಲೆಕ್ಕ ಹಾಕಿ ನೋಡಿ. ಪ್ರೊಪೇನ್ ಡಿಟೆಕ್ಟರ್ ಬರೀ 0.1 ಆಂಪ್ ಎಳೆದರೂ ದಿನಕ್ಕೆ 2.4 ಆಂಪ್-ಅವರ್. ಅರ್ಧ ಚಾರ್ಜ್‌ನಲ್ಲಿ ಬಿಟ್ಟ 100 ಆಂಪ್-ಅವರ್ ಬ್ಯಾಟರಿಯಲ್ಲಿ ಇರುವುದು 50. ಮೂರು ವಾರಕ್ಕೆ ಖಾಲಿ! ನೀವು ಊರಿನಲ್ಲಿ ಸಂಕ್ರಾಂತಿ ಎಳ್ಳುಬೆಲ್ಲ ಹಂಚುವ ಹೊತ್ತಿಗೆ ಇಲ್ಲಿ ಬ್ಯಾಟರಿ ಸೊನ್ನೆಗೆ ಬಂದಿರುತ್ತದೆ.

ಚಳಿಯ ತಡೆ ಇಲ್ಲದ ಬ್ಯಾಟರಿಗೆ ಸೋಲಾರ್ ಇನ್ನೂ ದೊಡ್ಡ ಅಪಾಯ. ಜನವರಿಯಲ್ಲಿ ಮೈನಸ್ 10 ಡಿಗ್ರಿ ಇದ್ದರೂ ಬಿಸಿಲು ಫಳಫಳ ಇರುತ್ತದೆ. ಛಾವಣಿಯ ಹಿಮ ಕರಗಿ ಜಾರಿದ ಕೂಡಲೇ ಪ್ಯಾನೆಲ್ ಕೆಲಸ ಶುರುಮಾಡುತ್ತದೆ. ಯಾರೂ ಪ್ಲಗ್ ಹಾಕದಿದ್ದರೂ ಹೆಪ್ಪುಚಳಿಯಲ್ಲಿರುವ ಬ್ಯಾಟರಿಗೆ ಚಾರ್ಜ್ ಹೋಗುತ್ತಿರುತ್ತದೆ. ಅದಕ್ಕೇ ವೈರ್ ಬಿಚ್ಚಿ ಎಂದು ಇಷ್ಟು ಒತ್ತಿ ಹೇಳುತ್ತಿರುವುದು.

ಹಂತ 6: ನಡುಚಳಿಗಾಲದಲ್ಲಿ

ಎರಡು ತಿಂಗಳಿಗೊಮ್ಮೆ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ನೋಡಿ, ಬ್ಯಾಟರಿಯ ಮೇಲೆ ಅಂಟಿಸಿದ ಟೇಪ್‌ನಲ್ಲೇ ತಾರೀಖಿನ ಜೊತೆ ಬರೆದಿಡಿ. 13ರ ಮೇಲಿದ್ದರೆ ಮುಟ್ಟಬೇಡಿ. 12.9ಕ್ಕೆ ಬಂದಿದ್ದರೆ ಮನೆಯೊಳಗೇ, ಲಿಥಿಯಂ ಚಾರ್ಜರ್‌ನಲ್ಲಿ ಮತ್ತೆ 60ರ ಹತ್ತಿರಕ್ಕೆ ತನ್ನಿ. ಹೊರಗಿನ ಶೆಡ್‌ನಿಂದ ಆಗಷ್ಟೇ ಒಳಗೆ ತಂದ ಬ್ಯಾಟರಿಯನ್ನು ತಕ್ಷಣ ಚಾರ್ಜಿಗೆ ಹಾಕಬೇಡಿ. ಡಬ್ಬಿ ಕೈಗೆ ಬೆಚ್ಚಗೆ ಸಿಕ್ಕಿದರೂ ಒಳಗಿನ ಸೆಲ್‌ಗಳು ಗಂಟೆಗಟ್ಟಲೆ ತಣ್ಣಗೇ ಇರುತ್ತವೆ. ಮೇಲೆ ನೀರಹನಿ ಕೂಡ ಕೂತಿರುತ್ತದೆ. ಒಂದು ಪೂರ್ತಿ ದಿನ ಬಿಡಿ.

ಮೀಟರ್ ಸೊನ್ನೆ ಅಥವಾ ಒಂದೆರಡು ವೋಲ್ಟ್ ತೋರಿಸಿದರೆ ಬ್ಯಾಟರಿ ಸತ್ತಿದೆ ಎಂದೇ ಅಲ್ಲ. ತೀರಾ ಇಳಿದಾಗ ಬಿಎಂಎಸ್ ತಾನೇ ಕಟ್ ಮಾಡಿ ಮಲಗಿರುತ್ತದೆ. ಲಿಥಿಯಂ ಚಾರ್ಜರ್‌ಗಳಲ್ಲಿ ಹಲವಕ್ಕೆ ಅದನ್ನು ಎಬ್ಬಿಸುವ ಮೋಡ್ ಇದೆ. ಅದಕ್ಕೂ ಏಳದಿದ್ದರೆ ಕಂಪನಿಯವರನ್ನು ಕೇಳಿ. ಕಾರಿನ ಬ್ಯಾಟರಿಯಿಂದ ಜಂಪ್ ಮಾಡಲು ಹೋಗಬೇಡಿ. ತಿಂಗಳುಗಟ್ಟಲೆ ಖಾಲಿ ಬಿದ್ದಿದ್ದ ಸೆಲ್‌ಗೆ ಬಲವಂತವಾಗಿ ಕರೆಂಟ್ ಕೊಡುವುದು ಅಪಾಯ.

ಹಂತ 7: ವಸಂತದಲ್ಲಿ ಮತ್ತೆ ಹಾಕುವುದು

ಮನೆಯೊಳಗೇ ಬ್ಯಾಟರಿಯನ್ನು ಫುಲ್ ಚಾರ್ಜ್ ಮಾಡಿ ತೆಗೆದುಕೊಂಡು ಹೋಗಿ. ಎರಡು ಅಥವಾ ಹೆಚ್ಚು ಬ್ಯಾಟರಿಗಳನ್ನು ಪ್ಯಾರಲಲ್, ಅಂದರೆ ಪಾಸಿಟಿವ್‌ಗೆ ಪಾಸಿಟಿವ್, ನೆಗೆಟಿವ್‌ಗೆ ನೆಗೆಟಿವ್ ಸೇರಿಸುವವರಿಗೆ ಇದು ಕಡ್ಡಾಯ. ಒಂದೊಂದನ್ನೂ ಬೇರೆ ಬೇರೆಯಾಗಿ ಫುಲ್ ಮಾಡಿ, ವೋಲ್ಟೇಜ್ ಅಳೆದು, ವ್ಯತ್ಯಾಸ 0.1ಕ್ಕಿಂತ ಕಡಿಮೆ ಇದ್ದರೆ ಮಾತ್ರ ಸೇರಿಸಿ. ಒಂದು ತುಂಬಿ ಇನ್ನೊಂದು ಇಳಿದಿದ್ದರೆ ಸೇರಿಸಿದ ಕ್ಷಣ ಒಂದರಿಂದ ಇನ್ನೊಂದಕ್ಕೆ ಭಾರಿ ಕರೆಂಟ್ ನುಗ್ಗುತ್ತದೆ.

ಹಾಕುವ ಕ್ರಮ ಉಲ್ಟಾ. ಪಾಸಿಟಿವ್ ಮೊದಲು, ನೆಗೆಟಿವ್ ಆಮೇಲೆ, ಸೋಲಾರ್ ಎಲ್ಲಕ್ಕಿಂತ ಕೊನೆಗೆ. ವೈರ್‌ನ ತುದಿಯ ತಾಮ್ರದ ಬಳೆ, ಅಂದರೆ ಲಗ್, ನೇರವಾಗಿ ಟರ್ಮಿನಲ್‌ಗೆ ಅಂಟಿ ಕೂರಬೇಕು. ವಾಷರ್‌ಗಳು ಅದರ ಮೇಲೆ. ಲಗ್‌ಗೂ ಟರ್ಮಿನಲ್‌ಗೂ ನಡುವೆ ಸ್ಟೀಲ್ ವಾಷರ್ ಸಿಕ್ಕಿಹಾಕಿಕೊಂಡರೆ ಇನ್ವರ್ಟರ್ ಹಾಕಿದಾಗ ಆ ಜಾಗ ಕಾಯುತ್ತದೆ, ಪ್ಲಾಸ್ಟಿಕ್ ಕರಗುವಷ್ಟು ಕಾಯಬಹುದು. ದಪ್ಪ ವೈರ್ ಕೆಳಗೆ, ಸಣ್ಣವು ಮೇಲೆ. ಬೋಲ್ಟ್ ಎಷ್ಟು ಬಿಗಿಯಬೇಕು ಎನ್ನುವುದು ಮ್ಯಾನುಯಲ್‌ನಲ್ಲಿದೆ. ಸಡಿಲ ಬಿಟ್ಟರೂ ತಪ್ಪು, ಜೋರಾಗಿ ತಿರುಗಿಸಿ ಒಳಗಿನ ತಿರುಪಿನ ಎಳೆ ಕಿತ್ತರೂ ತಪ್ಪು. ಕೊನೆಯ ವೈರ್ ತಾಗಿಸುವಾಗ ಚಟ್ ಎಂದು ಸಣ್ಣ ಕಿಡಿ ಬಂದರೆ ಹೆದರಬೇಡಿ, ಇನ್ವರ್ಟರ್‌ನ ಕೆಪಾಸಿಟರ್ ತುಂಬಿಕೊಳ್ಳುವಾಗ ಹಾಗಾಗುತ್ತದೆ.

ಬಿಗಿದಾದ ಮೇಲೆ ಇನ್ವರ್ಟರ್‌ನಲ್ಲಿ ದೊಡ್ಡದೊಂದು ಸಾಮಾನು, ಮೈಕ್ರೊವೇವ್ ಆದರೂ ಸರಿ, ಎರಡು ನಿಮಿಷ ಓಡಿಸಿ ನಿಲ್ಲಿಸಿ. ಪ್ರತಿ ಟರ್ಮಿನಲ್‌ನ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಬಿಸಿ ಅನಿಸಿದರೆ ಅಲ್ಲಿ ಜೋಡಣೆ ಸರಿಯಿಲ್ಲ, ಬಿಚ್ಚಿ ಮತ್ತೆ ಕೂರಿಸಿ.

ಕೊನೆಗೆ ಬ್ರೇಕ್‌ಅವೇ ಪರೀಕ್ಷೆ. ಟ್ರೇಲರನ್ನು ಪಿಕಪ್‌ಗೆ ಜೋಡಿಸಿ, ಏಳು ಪಿನ್ ಕನೆಕ್ಟರ್ ಮಾತ್ರ ಹೊರಗೇ ಇರಲಿ, ಇಲ್ಲದಿದ್ದರೆ ಪಿಕಪ್‌ನ ಬ್ರೇಕ್ ಕಂಟ್ರೋಲರ್‌ಗೆ ಪೆಟ್ಟು ಬೀಳಬಹುದು. ಬ್ರೇಕ್‌ಅವೇ ಪಿನ್ ಎಳೆದು, ಗಾಡಿಯನ್ನು ತೀರಾ ನಿಧಾನಕ್ಕೆ ಒಂದೆರಡು ಅಡಿ ಮುಂದಕ್ಕೆ ಬಿಡಿ. ಟ್ರೇಲರ್‌ನ ಚಕ್ರ ಹಿಡಿದು ನಿಲ್ಲಬೇಕು. ನಿಂತಿತು ಅಂದರೆ ಕೂಡಲೇ ಪಿನ್ ಒಳಗೆ ತಳ್ಳಿ, ಹೊರಗೆ ಬಿಟ್ಟರೆ ಬ್ರೇಕ್‌ನ ಮ್ಯಾಗ್ನೆಟ್ ಕಾದು ಬ್ಯಾಟರಿಯೂ ಇಳಿಯುತ್ತದೆ. ಚಕ್ರ ಹಿಡಿಯದೆ ಉರುಳಿದರೆ ಸ್ವಿಚ್‌ನ ಆ ಸಣ್ಣ ವೈರ್ ಬ್ಯಾಟರಿಗೆ ಸೇರಿಲ್ಲ ಎಂದೇ ಹೆಚ್ಚಿನ ಸಲ ಅರ್ಥ. ಅಕ್ಟೋಬರ್‌ನಲ್ಲಿ ತೆಗೆದ ಫೋಟೋ ನೋಡಿ, ಆ ವೈರ್ ಎಲ್ಲಿತ್ತೋ ಅಲ್ಲಿಗೆ ಹಾಕಿ ಮತ್ತೊಮ್ಮೆ ಪರೀಕ್ಷೆ ಮಾಡಿ.